ಅಪ್‌ಡೇಟ್ ಆಗಿದೆ ಅಂತಾರೆ, ಸರ್ವರ್ ಮಾತ್ರ ಹಳೇದನ್ನೇ ಓಡಿಸ್ತಿದೆ

2013ರ ಮಾರ್ಚ್ ಕೊನೆಯ ವಾರ. ನಾನಿನ್ನೂ ಪತ್ರಕರ್ತ ಆಗಿರಲಿಲ್ಲ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ‘ಸಿಸ್ಟಂ ನೋಡಿಕೊಳ್ಳೋ ಹುಡುಗ’ನಾಗಿ ಸೇರಿದ್ದೆ. ಸುಮಾರು 40 ಜನರ ಆಫೀಸು. ಎಲ್ಲರ ಕಂಪ್ಯೂಟರಿನಲ್ಲೂ ‘ಝಡ್ ಡ್ರೈವ್’ ಅಂತ ಒಂದಿತ್ತು. ಕೊಟೇಶನ್, ಬಿಲ್ಲು, ಸಂಬಳದ ಪಟ್ಟಿ ಎಲ್ಲ ಅದರಲ್ಲೇ. ಆ ಡ್ರೈವ್ ನಿಜಕ್ಕೂ ಇದ್ದದ್ದು ಜೆರಾಕ್ಸ್ ಮಷೀನಿನ ಪಕ್ಕದ ಕಪಾಟಿನಲ್ಲಿ ಕೂತಿದ್ದ ಒಂದು ಲಿನಕ್ಸ್ ಸರ್ವರಿನೊಳಗೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಆ ಸರ್ವರಿನ ಸಾಫ್ಟ್‌ವೇರ್ ಪ್ಯಾಕೇಜುಗಳನ್ನು ಅಪ್‌ಗ್ರೇಡ್ ಮಾಡೋಕೆ ಕೂತೆ. ನಡುವೆ ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಕೆಲವು ಸೇವೆಗಳನ್ನು ರೀಸ್ಟಾರ್ಟ್ ಮಾಡಬೇಕಾಗುತ್ತದೆ, ಮಾಡಲೇ? ಪೂರ್ತಿ ಓದದೆ ‘ಯೆಸ್’ ಒತ್ತಿದೆ. ಎರಡು ಸೆಕೆಂಡಿನಲ್ಲಿ ಮುಗೀತು.

ಹತ್ತು ನಿಮಿಷಕ್ಕೆ ಅಕೌಂಟ್ಸ್ ವಿಭಾಗದ ಮೇಡಂ ನನ್ನ ಮೇಜಿನ ಹತ್ತಿರ ನಿಂತಿದ್ದರು. “ಏನಾದ್ರೂ ಮುಟ್ಟಿದ್ಯೇನಪ್ಪಾ? ಫೈಲ್ ಸೇವೇ ಆಗ್ತಿಲ್ಲ.” ವರ್ಷದ ಕೊನೆಯ ಲೆಕ್ಕ. ಬೆಳಗಿನಿಂದ ತೆರೆದಿಟ್ಟುಕೊಂಡು ತುಂಬುತ್ತಿದ್ದ ಎಕ್ಸೆಲ್ ಫೈಲು. ಊಟದ ನಂತರ ಹಾಕಿದ್ದಷ್ಟೂ ಹೋಗಿತ್ತು. ಅವರು ರಾತ್ರಿ ಎಂಟರವರೆಗೆ ಕೂತು ಮತ್ತೆ ಹಾಕಿದರು. ಮಗಳನ್ನು ಟ್ಯೂಷನ್ನಿನಿಂದ ಕರ್ಕೊಂಡು ಬರೋಕೆ ಪಕ್ಕದ ಮನೆಯವರಿಗೆ ಫೋನ್ ಮಾಡಿ ಕೇಳ್ಕೊಳ್ತಿದ್ದದ್ದು ನನಗೆ ಕೇಳಿಸ್ತಿತ್ತು.

ಮರುದಿನ ಮ್ಯಾನೇಜರ್ ಹೇಳಿದರು: “ಇನ್ಮೇಲೆ ಕೆಲಸದ ಹೊತ್ತಲ್ಲಿ ಏನನ್ನೂ ರೀಸ್ಟಾರ್ಟ್ ಮಾಡ್ಬೇಡ.” ಸರಿಯಾದ ಮಾತೇ. ಆದರೆ ಕೆಲಸ ಮುಗಿದ ಮೇಲೆ ಆಫೀಸಿಗೆ ಬೀಗ. ಹಾಗಾದರೆ ಯಾವಾಗ ಮಾಡೋದು? ಅದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಲ್ಲಿಂದ ಮುಂದೆ ಆ ಪ್ರಶ್ನೆ ಬಂದಾಗಲೆಲ್ಲ ‘ನೋ’ ಒತ್ತಿದೆ. ತಿಂಗಳ ವರದಿಯಲ್ಲಿ ಮಾತ್ರ ತಪ್ಪದೆ ಬರೆದೆ: ಎಲ್ಲ ಪ್ಯಾಕೇಜುಗಳು ಅಪ್‌ಡೇಟ್ ಆಗಿವೆ.

ಮುಂದಿನ ವರ್ಷ ಏಪ್ರಿಲ್ 7ರಂದು ‘ಹಾರ್ಟ್‌ಬ್ಲೀಡ್’ ದೋಷ ಹೊರಬಿತ್ತು. ಓಪನ್‌ಎಸ್‌ಎಸ್‌ಎಲ್ ಅನ್ನೋ ಲೈಬ್ರರಿಯಲ್ಲಿದ್ದ ಆ ರಂಧ್ರದಿಂದ ಸರ್ವರಿನ ಮೆಮೊರಿಯಲ್ಲಿದ್ದ ಗುಟ್ಟುಗಳನ್ನು ಹೊರಗಿನಿಂದಲೇ ಓದಬಹುದಿತ್ತು. ಎಲ್ಲ ಕಡೆ ತಪಾಸಣೆ ಶುರುವಾಯ್ತು. ನಮ್ಮಲ್ಲಿಗೆ ಬಂದ ಒಬ್ಬ ಹಿರಿಯ ಇಂಜಿನಿಯರ್ ನನ್ನ ವರದಿಯನ್ನು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿದರು: “ಪ್ಯಾಕೇಜ್ ಯಾವತ್ತಿಂದು ಅನ್ನೋದು ಬಿಡು. ಈ ಪ್ರೋಸೆಸ್ ಶುರುವಾದದ್ದು ಯಾವತ್ತು?”

ನೋಡಿದೆವು. ಹಾರ್ಟ್‌ಬ್ಲೀಡ್‌ಗೂ ಫೈಲ್ ಹಂಚಿಕೆ ಸೇವೆಗೂ ಸಂಬಂಧ ಇರಲಿಲ್ಲ. ಆದರೆ ಆ ಸೇವೆ ಶುರುವಾದ ದಿನಾಂಕ ಹಿಂದಿನ ವರ್ಷದ ಮಾರ್ಚ್. ಅದೇ ಮಧ್ಯಾಹ್ನ. ಅಷ್ಟರಲ್ಲಿ ಅದಕ್ಕೆ ಬಂದಿದ್ದ ಭದ್ರತಾ ತಿದ್ದುಪಡಿಗಳೆಲ್ಲ ಡಿಸ್ಕಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಓಡುತ್ತಿದ್ದದ್ದು ಮಾತ್ರ ಹಳೆಯದೇ.

ಮೊದಲನೇ ಸಲ ಕೇಳದೆ ರೀಸ್ಟಾರ್ಟ್ ಮಾಡಿ ಒಬ್ಬರ ಸಂಜೆ ಹಾಳು ಮಾಡಿದ್ದೆ. ಆಮೇಲೆ ರೀಸ್ಟಾರ್ಟ್ ಮಾಡದೆ 40 ಜನರಿಗೆ ಸುಳ್ಳು ಸುರಕ್ಷತೆ ಕೊಟ್ಟಿದ್ದೆ. ಎರಡೂ ತಪ್ಪಿನ ಬುಡದಲ್ಲಿರೋದು ಒಂದೇ ಪ್ರಶ್ನೆ: ಹತ್ತಾರು ಜನ ಹಂಚಿಕೊಂಡ ಒಂದು ವ್ಯವಸ್ಥೆಯನ್ನು ಯಾವಾಗ ನಿಲ್ಲಿಸಬೇಕು ಅಂತ ತೀರ್ಮಾನಿಸೋರು ಯಾರು?

ಸಾಂಬಾ ಅಂದರೆ

ಸಾಂಬಾರ್ ಅಲ್ಲ, ಸಾಂಬಾ. ಆಫೀಸು, ಕಾಲೇಜು, ಎನ್‌ಜಿಒ ಕಡೆ ‘ಶೇರ್ಡ್ ಫೋಲ್ಡರ್’ ಅಂತ ನಾವು ತೆರೆಯುವುದರ ಹಿಂದೆ ಬಹಳಷ್ಟು ಸಲ ಇರೋದು ಎಸ್‌ಎಂಬಿ ಅನ್ನೋ ಪ್ರೋಟೋಕಾಲ್. ವಿಂಡೋಸ್ ಕಂಪ್ಯೂಟರುಗಳು ಫೈಲು ಹಂಚಿಕೊಳ್ಳೋದು ಈ ಭಾಷೆಯಲ್ಲಿ. ಲಿನಕ್ಸ್ ಸರ್ವರಿಗೂ ಆ ಭಾಷೆ ಬರುವಂತೆ ಮಾಡೋ ಉಚಿತ ಸಾಫ್ಟ್‌ವೇರೇ ಸಾಂಬಾ. ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ ಓದುತ್ತಿದ್ದ ಆಂಡ್ರೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ, ತಂತಿಯ ಮೇಲೆ ಹಾದುಹೋಗೋ ಸಂದೇಶಗಳನ್ನು ಗಮನಿಸಿ ಗಮನಿಸಿಯೇ ಇದನ್ನು ಶುರುಮಾಡಿದರು. ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿ ಬರೋ ಪದ ಯಾವುದಿದೆ ಅಂತ ನಿಘಂಟಿನಲ್ಲಿ ಹುಡುಕಿದಾಗ ಸಿಕ್ಕ ಹೆಸರು ಸಾಂಬಾ.

ಇದಕ್ಕೊಂದು ರಾಜಕೀಯ ಇತಿಹಾಸವೂ ಇದೆ. ಮೈಕ್ರೋಸಾಫ್ಟ್ ತನ್ನ ಪ್ರೋಟೋಕಾಲ್ ವಿವರಗಳನ್ನು ಬೇರೆಯವರಿಗೆ ಕೊಡ್ತಿಲ್ಲ ಅನ್ನೋದು 2004ರಲ್ಲಿ ಯುರೋಪಿಯನ್ ಕಮಿಷನ್ ಅದಕ್ಕೆ 49.7 ಕೋಟಿ ಯೂರೋ ದಂಡ ಹಾಕಿದ ಪ್ರಕರಣದ ಮುಖ್ಯ ಭಾಗವಾಗಿತ್ತು. 2007ರ ಸೆಪ್ಟೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಸಾಂಬಾ ತಂಡಕ್ಕೆ ಆ ದಾಖಲೆಗಳು ಸಿಕ್ಕವು. ಇವತ್ತು ಸಾಂಬಾದಲ್ಲಿ ದೋಷ ಸಿಕ್ಕರೆ ತಿದ್ದುಪಡಿ ಎಲ್ಲರಿಗೂ ಉಚಿತವಾಗಿ, ಬಹಿರಂಗವಾಗಿ ಬರುತ್ತೆ. ಅದು ನಿಮ್ಮ ಸರ್ವರಿನಲ್ಲಿ ಜಾರಿಯಾಗುತ್ತದೋ ಇಲ್ಲವೋ ಅನ್ನೋದು ಬೇರೆ ಮಾತು.

ಹೊಸ ಸುತ್ತೋಲೆ, ಹಳೇ ಗುಮಾಸ್ತರು

ವಿಧಾನಸೌಧದಿಂದ ಹೊಸ ಸುತ್ತೋಲೆ ಹೊರಡುತ್ತೆ. ತಾಲೂಕು ಕಚೇರಿಯ ಕಪಾಟಿಗೆ ಅದರ ಪ್ರತಿ ಬಂದು ಸೇರುತ್ತೆ. ಆದರೆ ಕೌಂಟರಿನಲ್ಲಿ ಕೂತ ಗುಮಾಸ್ತರು ಹಳೇ ಸುತ್ತೋಲೆಯನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಕಪಾಟಿನಲ್ಲಿ ಏನು ಬದಲಾದರೂ ಅವರು ಎದ್ದು ಹೋಗಿ ಹೊಸದನ್ನು ಓದಿ ಬರೋವರೆಗೆ ನಿಮ್ಮ ಅರ್ಜಿಗೆ ಹಳೇ ನಿಯಮವೇ.

ಸರ್ವರಿನಲ್ಲೂ ಹೀಗೇ. ಪ್ರೋಗ್ರಾಂ ಶುರುವಾದಾಗ ಡಿಸ್ಕಿನಲ್ಲಿರೋ ಕೋಡ್ ಮೆಮೊರಿಗೆ ಬಂದು ಓಡುತ್ತೆ. ಅಪ್‌ಗ್ರೇಡ್ ಬದಲಿಸೋದು ಡಿಸ್ಕಿನಲ್ಲಿರೋದನ್ನು. ವಿಂಡೋಸ್ ಸಾಮಾನ್ಯವಾಗಿ, ಬಳಕೆಯಲ್ಲಿರೋ ಪ್ರೋಗ್ರಾಂ ಫೈಲನ್ನು ಬದಲಿಸೋಕೆ ಬಿಡಲ್ಲ. ಅದಕ್ಕೇ ‘ರೀಸ್ಟಾರ್ಟ್ ಮಾಡಿ’ ಅಂತ ಅಷ್ಟು ಕಾಟ ಕೊಡೋದು. ಲಿನಕ್ಸ್ ಬಿಡುತ್ತೆ. ಹಳೇ ಫೈಲಿನ ಹೆಸರು ಅಳಿಸಿ ಆ ಜಾಗದಲ್ಲಿ ಹೊಸದನ್ನು ಇಡುತ್ತೆ. ಆದರೆ ಹಳೆಯದನ್ನು ಹಿಡಿದುಕೊಂಡಿರೋ ಪ್ರೋಸೆಸ್ ಇರೋವರೆಗೆ ಆ ಹಳೇ ಫೈಲು ಹೆಸರಿಲ್ಲದೆ ಬದುಕಿರುತ್ತೆ. ಇದು ಒಂದು ದೊಡ್ಡ ಅನುಕೂಲ: ಕೆಲಸ ನಿಲ್ಲಿಸದೆ ಅಪ್‌ಗ್ರೇಡ್ ಮಾಡಬಹುದು. ಮೋಸ ಹೋಗೋದೂ ಇಲ್ಲೇ. ಪ್ಯಾಕೇಜಿನ ಆವೃತ್ತಿ ಕೇಳಿದರೆ ಹೊಸ ಸಂಖ್ಯೆ ಹೇಳುತ್ತೆ, ಓಡ್ತಿರೋದು ಹಳೆಯದು.

ಇನ್ನೊಂದು ತೊಂದರೆ, ಅರ್ಧ ಹಳೇದು ಅರ್ಧ ಹೊಸದು ಆಗೋದು. ಕೆಲವು ತುಣುಕುಗಳನ್ನು ಪ್ರೋಗ್ರಾಂ ಶುರುವಿನಲ್ಲೇ ತರಲ್ಲ, ಬೇಕಾದಾಗ ಡಿಸ್ಕಿನಿಂದ ಎತ್ತಿಕೊಳ್ಳುತ್ತೆ. ಲಿನಕ್ಸಿನ ಮೂಲ ಲೈಬ್ರರಿ ಲಿಬ್‌ಸಿ ಬಳಕೆದಾರರ ಹೆಸರು ಹುಡುಕೋದು ಇಂಥ ತುಣುಕುಗಳ ಮೂಲಕವೇ. ಮೆಮೊರಿಯಲ್ಲಿ ಹಳೇ ಲಿಬ್‌ಸಿ, ಡಿಸ್ಕಿನಲ್ಲಿ ಹೊಸ ತುಣುಕು ಇದ್ದರೆ ಎರಡಕ್ಕೂ ಹೊಂದಾಣಿಕೆ ತಪ್ಪಬಹುದು. ಆಗ ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡಲ್ಲ. ಬಳಸೋರಿಗೆ ಕಾಣೋದು ‘ಲಾಗಿನ್ ಆಗ್ತಿಲ್ಲ’ ಅಂತಷ್ಟೇ. ಡೆಬಿಯನ್ ಲಿನಕ್ಸ್ ಲಿಬ್‌ಸಿ ಅಪ್‌ಗ್ರೇಡ್ ನಡುವೆ ನಿಲ್ಲಿಸಿ ರೀಸ್ಟಾರ್ಟ್ ಬಗ್ಗೆ ಕೇಳೋದು ಇದೇ ಕಾರಣಕ್ಕೆ. ನಾನು ಓದದೆ ‘ಯೆಸ್’ ಒತ್ತಿದ್ದ ಪ್ರಶ್ನೆ ಅದೇ.

ಎರಡು ಸೆಕೆಂಡಿನಲ್ಲಿ ಕಳೆದುಹೋಗೋದು ಏನು?

ವೆಬ್‌ಸೈಟಿನ ಸರ್ವರ್ ಎರಡು ಸೆಕೆಂಡು ನಿಂತರೆ ನೀವು ಪುಟವನ್ನು ಮತ್ತೊಮ್ಮೆ ತೆರೀತೀರಿ, ಮುಗೀತು. ಫೈಲ್ ಹಂಚಿಕೆ ಹಾಗಲ್ಲ. ಅಲ್ಲಿ ಸರ್ವರಿನ ತಲೆಯಲ್ಲಿ ಒಂದು ಲೆಕ್ಕ ಇರುತ್ತೆ: ಯಾರು ಯಾವ ಫೈಲು ತೆರೆದಿದ್ದಾರೆ, ಯಾವುದಕ್ಕೆ ಬೀಗ ಹಾಕಿದ್ದಾರೆ. ಜೊತೆಗೆ, ಒಂದು ಫೈಲನ್ನು ನೀವೊಬ್ಬರೇ ತೆರೆದಿದ್ದರೆ, ‘ಬದಲಾವಣೆಗಳನ್ನು ಸದ್ಯ ನಿನ್ನ ಹತ್ತಿರವೇ ಇಟ್ಕೋ, ಬೇರೆಯವರು ಕೇಳಿದಾಗ ಹೇಳ್ತೀನಿ’ ಅಂತ ಸರ್ವರ್ ನಿಮ್ಮ ಕಂಪ್ಯೂಟರಿಗೆ ಅನುಮತಿ ಕೊಟ್ಟಿರುತ್ತೆ. ಸೇವೆ ಸತ್ತು ಹುಟ್ಟಿದರೆ ಸಾಂಬಾ ಈ ಲೆಕ್ಕವನ್ನು ಮರೆತು ಹೊಸ ಪುಸ್ತಕ ತೆರೆಯುತ್ತೆ. ನೆಟ್‌ವರ್ಕ್ ಕ್ಷಣ ಹೊತ್ತು ಕಡಿದರೆ ಮತ್ತೆ ಸೇರಿಕೊಳ್ಳೋ ವ್ಯವಸ್ಥೆ ಎಸ್‌ಎಂಬಿ 2ನೇ ಆವೃತ್ತಿಯಿಂದ ಇದೆ. ಆದರೆ ಸರ್ವರೇ ಸತ್ತು ಹುಟ್ಟಿದರೂ ಲೆಕ್ಕ ಉಳಿಸೋ ಏರ್ಪಾಡು 3ನೇ ಆವೃತ್ತಿಯಲ್ಲಿ ದೊಡ್ಡ ಕ್ಲಸ್ಟರುಗಳಿಗಾಗಿ ಬಂದದ್ದು. ಕಪಾಟಿನೊಳಗಿನ ಒಂಟಿ ಸರ್ವರಿಗೆ ಆ ಭಾಗ್ಯ ಇಲ್ಲ.

ಇದಕ್ಕೆ ಹೋಲಿಸಿದರೆ, ಸನ್ ಮೈಕ್ರೋಸಿಸ್ಟಮ್ಸ್ 1984ರ ಸುಮಾರಿಗೆ ರೂಪಿಸಿದ ಎನ್‌ಎಫ್‌ಎಸ್ ಬೇರೆ ದಾರಿ ಹಿಡಿಯಿತು. ಯುನಿಕ್ಸ್, ಲಿನಕ್ಸ್ ಕಂಪ್ಯೂಟರುಗಳ ನಡುವೆ ಫೈಲು ಹಂಚೋದು ಇದರಿಂದ. ಅದರ ಹಳೇ ಆವೃತ್ತಿಗಳಲ್ಲಿ ಯಾರು ಏನು ತೆರೆದಿದ್ದಾರೆ ಅನ್ನೋ ಲೆಕ್ಕವನ್ನು ಸರ್ವರ್ ಇಡ್ತಾನೇ ಇರಲಿಲ್ಲ. ಸರ್ವರ್ ಸತ್ತರೆ ಕ್ಲೈಂಟ್ ‘ಸರ್ವರ್ ಉತ್ತರಿಸ್ತಿಲ್ಲ, ಇನ್ನೂ ಪ್ರಯತ್ನಿಸ್ತಿದ್ದೀನಿ’ ಅಂತ ಕಾಯುತ್ತೆ, ಸರ್ವರ್ ಎದ್ದ ಕೂಡಲೇ ನಿಂತಲ್ಲಿಂದ ಮುಂದುವರಿಯುತ್ತೆ.

4ನೇ ಆವೃತ್ತಿಯಲ್ಲಿ ಎನ್‌ಎಫ್‌ಎಸ್ ಕೂಡ ಲೆಕ್ಕ ಇಡೋಕೆ ಶುರುಮಾಡಿತು. ಆಗ ಅದರಲ್ಲಿ ಸೇರಿದ್ದು ‘ಗ್ರೇಸ್ ಅವಧಿ’. ಸರ್ವರ್ ಮತ್ತೆ ಎದ್ದ ಮೇಲೆ ಮೊದಲ ಸ್ವಲ್ಪ ಹೊತ್ತು ಯಾರಿಗೂ ಹೊಸ ಬೀಗ ಕೊಡಲ್ಲ. ಲಿನಕ್ಸಿನಲ್ಲಿ ಈ ಅವಧಿ ಸಾಮಾನ್ಯವಾಗಿ 90 ಸೆಕೆಂಡು. ಅಷ್ಟರಲ್ಲಿ ಹಳೇ ಹಕ್ಕುದಾರರು ಬಂದು ‘ಈ ಫೈಲಿನ ಬೀಗ ನನ್ನ ಹತ್ತಿರ ಇತ್ತು’ ಅಂತ ಹೇಳಿ ಹಕ್ಕು ಮರಳಿ ಪಡೀಬೇಕು. ಆಮೇಲೇ ಹೊಸ ಅರ್ಜಿಗಳ ಸರದಿ. ನನಗೆ ಇಷ್ಟವಾದ ನಿಯಮ ಇದು. ವ್ಯವಸ್ಥೆಯನ್ನು ನಿಲ್ಲಿಸಿ ಹೊಸದಾಗಿ ಕಟ್ಟೋವಾಗ, ನಿನ್ನೆಯವರೆಗೆ ಅದನ್ನು ನಂಬಿಕೊಂಡು ಬದುಕಿದ್ದವರನ್ನು ಮೊದಲು ವಿಚಾರಿಸು ಅಂತ ಪ್ರೋಟೋಕಾಲಿನಲ್ಲೇ ಬರೆದಿಟ್ಟಿದ್ದಾರೆ.

‘ಡೀಫಾಲ್ಟ್’ ಕೂಡ ಒಂದು ನೀತಿ

ಅಪ್‌ಗ್ರೇಡ್ ಆದಾಗ ಸೇವೆ ತಾನಾಗಿ ರೀಸ್ಟಾರ್ಟ್ ಆಗಬೇಕೋ, ಕೇಳಬೇಕೋ, ಸುಮ್ಮನಿರಬೇಕೋ? ಇದನ್ನು ನಿಮ್ಮ ಆಫೀಸಿನ ಯಾರೂ ತೀರ್ಮಾನಿಸಿರಲ್ಲ. ಎಲ್ಲೋ ಕೂತ ಪ್ಯಾಕೇಜ್ ತಯಾರಕರು ತೀರ್ಮಾನಿಸಿರ್ತಾರೆ.

ಡೆಬಿಯನ್ ಇಂಥ ಮೂಲ ಲೈಬ್ರರಿಗಳ ವಿಷಯದಲ್ಲಿ ಸೇವೆಗಳ ಪಟ್ಟಿ ತೋರಿಸಿ ಕೇಳುತ್ತೆ. ‘ಇನ್ನು ಮುಂದೆ ಕೇಳದೆಯೇ ಮಾಡಲೇ?’ ಅನ್ನೋ ಪ್ರಶ್ನೆಗೆ ಅದು ಮೊದಲೇ ಇಟ್ಟಿರೋ ಉತ್ತರ ‘ಬೇಡ’. ಸಿ-ಡ್ಯಾಕ್ ರೂಪಿಸಿದ ಭಾರತದ ‘ಬಾಸ್’ ಲಿನಕ್ಸ್ ಕೂಡ ಡೆಬಿಯನ್ ಬುಡದಿಂದ ಚಿಗುರಿದ್ದೇ. ರೆಡ್ ಹ್ಯಾಟ್, ಫೆಡೋರಾ ಕುಟುಂಬದಲ್ಲಿ ಅಪ್‌ಗ್ರೇಡ್ ನಡುವೆ ಪ್ರಶ್ನೆ ಕೇಳೋ ಪದ್ಧತಿಯೇ ಇಲ್ಲ. ರೀಸ್ಟಾರ್ಟ್ ಆಗಬೇಕೋ ಬೇಡವೋ ಅಂತ ಪ್ಯಾಕೇಜಿನೊಳಗೇ ಬರೆದಿರುತ್ತೆ. ಉಬುಂಟು ಸರ್ವರ್ 22.04ರಲ್ಲಿ ಪಟ್ಟಿ ತೋರಿಸಿ ಕೇಳ್ತಿತ್ತು. 24.04ರಿಂದ ಬಹುತೇಕ ಸೇವೆಗಳನ್ನು ತಾನೇ ರೀಸ್ಟಾರ್ಟ್ ಮಾಡುತ್ತೆ.

ಯಾವುದು ಸರಿ? ಕೇಳೋ ಪದ್ಧತಿ ನನ್ನಂಥ ಹೆದರಿದ ಹುಡುಗನ ಕೈಗೆ ಸಿಕ್ಕರೆ ಉತ್ತರ ಯಾವತ್ತೂ ‘ನೋ’. ಕೇಳದ ಪದ್ಧತಿಯಲ್ಲಿ ಮಾರ್ಚ್ ಕೊನೆಯ ಮಧ್ಯಾಹ್ನಕ್ಕೂ ಭಾನುವಾರದ ರಾತ್ರಿಗೂ ವ್ಯತ್ಯಾಸವೇ ಇಲ್ಲ. ಯಾವ ಸೇವೆ ಹಳೇ ಕೋಡ್ ಓಡಿಸ್ತಿದೆ ಅಂತ ಕಂಡುಹಿಡಿಯೋಕೆ ‘ನೀಡ್‌ರೀಸ್ಟಾರ್ಟ್’ ಅಂತ ಒಂದು ಉಪಕರಣ ಇದೆ, ಉಬುಂಟು ಬಳಸೋದೂ ಅದನ್ನೇ. 2024ರ ನವೆಂಬರಿನಲ್ಲಿ ಆ ಉಪಕರಣದಲ್ಲೇ ದೋಷಗಳು ಸಿಕ್ಕವು. ಸರ್ವರಿನಲ್ಲಿ ಸಾಮಾನ್ಯ ಖಾತೆ ಇದ್ದವರು ಅವುಗಳ ಮೂಲಕ ಪೂರ್ತಿ ಅಧಿಕಾರ ಪಡೆಯಬಹುದಿತ್ತು. ಸುಮಾರು 10 ವರ್ಷದಿಂದ ಒಳಗೇ ಇದ್ದವು. ಕಾವಲುಗಾರನನ್ನೂ ಆಗಾಗ ವಿಚಾರಿಸಬೇಕು.

ಕೂಗೋರು ಇರೋ ನಷ್ಟ, ಕೂಗೋರಿಲ್ಲದ ನಷ್ಟ

ರೀಸ್ಟಾರ್ಟ್ ಮಾಡಿದರೆ ಆಗೋ ನಷ್ಟಕ್ಕೆ ಮುಖ ಇದೆ. ಹತ್ತು ನಿಮಿಷದಲ್ಲಿ ಮೇಡಂ ಬಂದು ನಿಲ್ತಾರೆ, ಮ್ಯಾನೇಜರ್ ಬೈತಾರೆ. ಮಾಡದಿದ್ದರೆ ಆಗೋ ನಷ್ಟ ಇವತ್ತು ಕಾಣಲ್ಲ, ಕಂಡ ದಿನ ಒಬ್ಬರ ಹೆಸರಿಗೆ ಅಂಟಲ್ಲ. ಹೀಗಾಗಿ ಕೆಳಗಿನ ನೌಕರ ಯಾವತ್ತೂ ಆರಿಸಿಕೊಳ್ಳೋದು ಎರಡನೆಯದನ್ನೇ.

ಇದೇ ಎಸ್‌ಎಂಬಿಯ ದೊಡ್ಡ ಉದಾಹರಣೆ 2017ರದ್ದು. ವಿಂಡೋಸಿನ ಎಸ್‌ಎಂಬಿ ಮೊದಲ ಆವೃತ್ತಿಯ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತಿದ್ದುಪಡಿ ಕೊಟ್ಟಿತ್ತು. ಹಾಕಿ ರೀಸ್ಟಾರ್ಟ್ ಮಾಡಬೇಕಿತ್ತು. ಮೇ 12ರಂದು ‘ವನ್ನಾಕ್ರೈ’ ದಾಳಿ ಸುಮಾರು 150 ದೇಶಗಳಿಗೆ ಹಬ್ಬಿತು. ಕೇರಳದ ಕೆಲವು ಪಂಚಾಯತ್ ಕಚೇರಿಗಳ ಕಂಪ್ಯೂಟರುಗಳೂ ಬೀಗ ಹಾಕಿಕೊಂಡವು. ಬ್ರಿಟನ್ನಿನ ಸರ್ಕಾರಿ ಲೆಕ್ಕ ಪರಿಶೋಧಕರ ವರದಿಯ ಪ್ರಕಾರ ಇಂಗ್ಲೆಂಡಿನ 236 ಆಸ್ಪತ್ರೆ ಟ್ರಸ್ಟ್‌ಗಳ ಪೈಕಿ ಕನಿಷ್ಠ 81ಕ್ಕೆ ಪೆಟ್ಟು ಬಿತ್ತು, ರದ್ದಾದ ರೋಗಿಗಳ ಭೇಟಿಗಳ ಅಂದಾಜು 19,000ಕ್ಕೂ ಹೆಚ್ಚು. ಸರಿಪಡಿಸಿಕೊಳ್ಳಿ ಅಂತ ಆಸ್ಪತ್ರೆಗಳಿಗೆ ಮಾರ್ಚ್, ಏಪ್ರಿಲ್‌ನಲ್ಲೇ ಎಚ್ಚರಿಕೆ ಹೋಗಿತ್ತು.

ಅದಾಗಿ 12 ದಿನಕ್ಕೆ, ಮೇ 24ರಂದು, ಸಾಂಬಾದಲ್ಲೂ ಒಂದು ದೊಡ್ಡ ದೋಷ ಪ್ರಕಟವಾಯ್ತು. ಹಂಚಿದ ಫೋಲ್ಡರಿನಲ್ಲಿ ಬರೆಯೋ ಅನುಮತಿ ಇದ್ದವರು ಅಲ್ಲಿ ಒಂದು ಲೈಬ್ರರಿ ಫೈಲು ಇಟ್ಟು, ಸರ್ವರೇ ಅದನ್ನು ಓಡಿಸುವಂತೆ ಮಾಡಬಹುದಿತ್ತು. 2010ರ 3.5.0 ಆವೃತ್ತಿಯಿಂದಲೂ ಇದ್ದ ದೋಷ. ಜನ ಇದಕ್ಕೆ ‘ಸಾಂಬಾಕ್ರೈ’ ಅಂದರು. ತಕ್ಷಣ ಅಪ್‌ಗ್ರೇಡ್ ಮಾಡೋಕಾಗದವರಿಗೆ ಸಾಂಬಾ ತಂಡ ಒಂದು ತಾತ್ಕಾಲಿಕ ಉಪಾಯ ಕೊಟ್ಟಿತು: ಸೆಟ್ಟಿಂಗಿನಲ್ಲಿ ಒಂದು ಸಾಲು ಸೇರಿಸಿ, ಸೇವೆಯನ್ನು ರೀಸ್ಟಾರ್ಟ್ ಮಾಡಿ. ತಾತ್ಕಾಲಿಕ ಉಪಾಯಕ್ಕೂ ರೀಸ್ಟಾರ್ಟ್ ತಪ್ಪಲಿಲ್ಲ.

ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು ಅಂತ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿತು. ಬೇಕಾದದ್ದೇ. ಆದರೆ ವರದಿ ಅನ್ನೋದು ಮನೆಗೆ ಕಳ್ಳ ಬಂದು ಹೋದ ಮೇಲಿನ ಕೆಲಸ.

ಹಾಗಾದರೆ ಏನು ಮಾಡೋದು?

ಇದನ್ನು ಓದ್ತಿರೋರಲ್ಲಿ ಹಲವರು ಯಾವುದಾದರೂ ಸಂಘಟನೆಯಲ್ಲಿ, ಯೂನಿಯನ್ನಿನಲ್ಲಿ, ಎನ್‌ಜಿಒದಲ್ಲಿ ಇರ್ತೀರಿ. ನಿಮ್ಮ ಕಚೇರಿಯ ಮೂಲೆಯಲ್ಲೂ ಒಂದು ಡಬ್ಬಿ ಮಿಣುಕುತ್ತಿರಬಹುದು. ಸದಸ್ಯರ ಪಟ್ಟಿ, ದೂರುದಾರರ ಫೋನ್ ನಂಬರು, ಬಾಡಿಗೆ ಕರಾರು ಎಲ್ಲ ಅದರಲ್ಲಿ. ಅಂಗಡಿಯಲ್ಲಿ ಸಿಗೋ ಸ್ಟೋರೇಜ್ ಡಬ್ಬಿಗಳಲ್ಲೂ ಸಾಮಾನ್ಯವಾಗಿ ಓಡೋದು ಸಾಂಬಾನೇ. ಹಾಗಾಗಿ ಇದು ಯಾರೋ ‘ಐಟಿಯವರ’ ವಿಷಯ ಅಂತ ಬಿಡೋಹಾಗಿಲ್ಲ.

ಮೊದಲನೆಯದು, ಎರಡು ದಿನಾಂಕ ಕೇಳಿ. ಪ್ಯಾಕೇಜ್ ಕೊನೆಯ ಸಲ ಅಪ್‌ಗ್ರೇಡ್ ಆದದ್ದು ಯಾವತ್ತು? ಸೇವೆ ಕೊನೆಯ ಸಲ ಶುರುವಾದದ್ದು ಯಾವತ್ತು? ಎರಡನೆಯದು ಮೊದಲನೆಯದಕ್ಕಿಂತ ಹಳೆಯದಾಗಿದ್ದರೆ ನಿಮ್ಮ ಅಪ್‌ಡೇಟ್ ಇರೋದು ಕಾಗದದ ಮೇಲೆ. ಲೈಬ್ರರಿಗಳೂ ಸೇರಿ ಪೂರ್ತಿ ಚಿತ್ರ ಬೇಕಿದ್ದರೆ ಡೆಬಿಯನ್, ಉಬುಂಟುವಿನಲ್ಲಿ ನೀಡ್‌ರೀಸ್ಟಾರ್ಟ್, ರೆಡ್ ಹ್ಯಾಟ್ ಕಡೆ ನೀಡ್ಸ್-ರೀಸ್ಟಾರ್ಟಿಂಗ್ ತೋರಿಸುತ್ತವೆ. ಒಂದು ಸೂಕ್ಷ್ಮ: ಲಿನಕ್ಸಿನಲ್ಲಿ ಎನ್‌ಎಫ್‌ಎಸ್ ಸರ್ವರಿನ ಮುಖ್ಯ ಭಾಗ ಇರೋದು ಕರ್ನಲ್ಲಿನೊಳಗೆ. ಪ್ಯಾಕೇಜಿನಲ್ಲಿ ಬರೋದು ಸಹಾಯಕ ಪ್ರೋಗ್ರಾಂಗಳು. ಹಾಗಾಗಿ ಕರ್ನಲ್ ಅಪ್‌ಗ್ರೇಡ್ ಆದರೆ ಇಡೀ ಯಂತ್ರವನ್ನೇ ರೀಬೂಟ್ ಮಾಡಬೇಕು.

ಎರಡನೆಯದು, ನಿಲ್ಲಿಸೋ ಮೊದಲು ನೋಡಿ. ಎಸ್‌ಎಂಬಿಸ್ಟೇಟಸ್ ಅನ್ನೋ ಕಮಾಂಡ್ ಯಾರು ಒಳಗಿದ್ದಾರೆ, ಯಾವ ಫೈಲುಗಳಿಗೆ ಬೀಗ ಬಿದ್ದಿದೆ ಅಂತ ತೋರಿಸುತ್ತೆ. ನಾನು ಅವತ್ತು ಇದೊಂದನ್ನು ಮಾಡಿದ್ದರೆ ಅಕೌಂಟ್ಸ್ ಫೈಲಿನ ಹೆಸರು ಕಣ್ಣೆದುರೇ ಇರ್ತಿತ್ತು. ಟೆಸ್ಟ್‌ಪಾರ್ಮ್ ಓಡಿಸಿದರೆ ಸೆಟ್ಟಿಂಗಿನಲ್ಲಿ ತಪ್ಪಿದ್ದರೆ ಮೊದಲೇ ಗೊತ್ತಾಗುತ್ತೆ. ಇಲ್ಲದಿದ್ದರೆ ನಿಲ್ಲಿಸಿದ ಸೇವೆ ಮತ್ತೆ ಏಳದೆ ಹೋಗಬಹುದು.

ಮೂರನೆಯದು, ರೀಲೋಡ್ ಬೇರೆ, ರೀಸ್ಟಾರ್ಟ್ ಬೇರೆ. ಒಂದು ಫೋಲ್ಡರ್ ಸೇರಿಸೋದಂಥ ಸಣ್ಣ ಬದಲಾವಣೆಗೆ ರೀಲೋಡ್ ಸಾಕು, ಯಾರ ಸಂಪರ್ಕವೂ ಕಡಿಯಲ್ಲ. ಆದರೆ ರೀಲೋಡ್ ಹೊಸ ಕೋಡ್ ತರಲ್ಲ. ಭದ್ರತಾ ತಿದ್ದುಪಡಿ ಬಂದಾಗ ‘ರೀಲೋಡ್ ಮಾಡಿದ್ದೀನಿ’ ಅಂದರೆ ಏನೂ ಮಾಡಿಲ್ಲ ಅಂತ ಅರ್ಥ.

ನಾಲ್ಕನೆಯದು ತಂತ್ರಜ್ಞಾನದ್ದಲ್ಲ, ಆದರೆ ಮುಖ್ಯವಾದದ್ದು. ಒಂದು ಹೊತ್ತು ಗೊತ್ತುಮಾಡಿ. ‘ಪ್ರತಿ ಗುರುವಾರ ಸಂಜೆ 6.30ಕ್ಕೆ ಝಡ್ ಡ್ರೈವ್ ಹತ್ತು ನಿಮಿಷ ಇರಲ್ಲ’ ಅಂತ ಗೋಡೆಗೆ ಅಂಟಿಸಿ. ಅಲ್ಲೀವರೆಗೆ ಕಾಯೋಹಾಗಿಲ್ಲದ ದೋಷ ಬಂದರೆ, ಅರ್ಧ ಗಂಟೆ ಮೊದಲು ಎಲ್ಲರಿಗೂ ಹೇಳಿ ನಿಲ್ಲಿಸೋ ಅಧಿಕಾರ ಯಾರಿಗಿದೆ ಅಂತ ಇವತ್ತೇ ತೀರ್ಮಾನಿಸಿ. ಆ ಅಧಿಕಾರ ಬಳಸಿದ್ದಕ್ಕೆ ಆ ಹುಡುಗನನ್ನೋ ಹುಡುಗಿಯನ್ನೋ ಬೈಬೇಡಿ.

ನಮ್ಮ ಆಫೀಸಿನಲ್ಲಿ ಕೊನೆಗೆ ಆದದ್ದೂ ಇದೇ. ಹಾರ್ಟ್‌ಬ್ಲೀಡ್ ಗಲಾಟೆ ತಣ್ಣಗಾದ ಮೇಲೆ ನಾನು ಅಕೌಂಟ್ಸ್ ಮೇಡಂ ಹತ್ತಿರವೇ ಹೋಗಿ ಕೇಳಿದೆ, “ಯಾವ ಹೊತ್ತಲ್ಲಿ ನಿಲ್ಲಿಸಿದ್ರೆ ನಿಮಗೆ ತೊಂದ್ರೆ ಇಲ್ಲ ಮೇಡಂ?” ಅವರು ಸ್ವಲ್ಪ ಯೋಚಿಸಿ ಹೇಳಿದರು, “ಮಧ್ಯಾಹ್ನ ಒಂದೂವರೆಗೆ ಮಾಡಪ್ಪ. ಎಲ್ರೂ ಊಟಕ್ಕೆ ಹೋಗಿರ್ತಾರೆ. ಫೈಲ್ ಕ್ಲೋಸ್ ಮಾಡಿ ಹೋಗಿ ಅಂತ ನಾನೇ ಹೇಳ್ತೀನಿ.”

ಒಂದು ವರ್ಷ ನಾನು ‘ನೋ’ ಒತ್ತುತ್ತಾ ಕೂತಿದ್ದ ಪ್ರಶ್ನೆಗೆ ಉತ್ತರ ಅವರ ಹತ್ತಿರ ಇತ್ತು. ನಾನು ಕೇಳಿರಲಿಲ್ಲ.